ಅತ್ತೆ ಸೆರಗು ಹೊದ್ದ ಬೆಳಗು

೧೯೭೮ರ ಮಾತು. ಘಾಟಬೋರಾಳದ ನಮ್ಮ ಮನೆಯಲ್ಲಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಉರಿಯುವ ಒಲೆಯ ಮುಂದೆ ಕೂತಿದ್ದರೂ ಪಾದಗಳು ಒಮ್ಮೆಲೇ ತಣ್ಣಗಾದವು, ಕೈ ನಿಂತಿತು. ಗೋಡೆಗೊರಗಿದ್ದ ನನ್ನ ಅತ್ತೆ ಕೇಶರಬಾಯಿ ಬಾಗಿಲ ಕಡೆ ತಿರುಗಿ, ತಲೆಯ ಮೇಲೆ ಸೆರಗು ಎಳೆದುಕೊಂಡು, ಸರಿದು ಕೂತರು.

ಹುಮನಾಬಾದಿನಲ್ಲಿ ಪೊರೆ ತೆಗೆಸಿದ ಅವರ ಬಲಗಣ್ಣಿಗೆ ಇನ್ನೂ ಪಟ್ಟಿ ಇತ್ತು. ಎಡಗಣ್ಣಿನ ಒಳಪರದೆ ಕಳಚಿ ಹನ್ನೆರಡು ವರ್ಷವಾಗಿತ್ತು. "ಕರಿಯಾಲಿ ಮ್ಯಾಲ ಕೆಂಪು ನರ ಹುಟ್ಟ್ಯಾವ. ಇದಕ್ಕ ಬೆಳಕೂ ಗೊತ್ತಾಗಂಗಿಲ್ಲ" ಎಂದಿದ್ದರು ಡಾಕ್ಟರು.

ನಮ್ಮಲ್ಲಿ ಗಂಡನ ಕಡೆಯ ಹಿರಿಯರು ಬಂದರೆ ಹೆಂಗಸರು ಹಾಗೆ ಸೆರಗು ಹೊದೆಯುತ್ತೇವೆ. ಅತ್ತೆಗೆ ಅಂಥ ಹಿರಿಯರು ಯಾರೂ ಉಳಿದಿರಲಿಲ್ಲ.

"ಯಾರು ಬಂದಾರ್ರೀ ಅತ್ತಿ?"

"ಸುಮ್ಮನ ರೊಟ್ಟಿ ಬಡಿ. ಸೀಯಾಕತ್ತೈತಿ."

ಬಾಗಿಲು ಖಾಲಿ ಇತ್ತು. ಮೂರು ದಿನ ಅದೇ ಹೊತ್ತಿಗೆ ಅದೇ ತಂಪು, ಅದೇ ಸೆರಗು. ಐದು ವರ್ಷದ ಮಗಳು ಚಂದ್ರಕಲಾ ಹೆದರಬಾರದೆಂದು ನಾನು ಏನೂ ಆಗದವಳಂತೆ ಇದ್ದೆ. ನಾಲ್ಕನೆಯ ದಿನ ಅವಳು ಬಾಗಿಲನ್ನೊಮ್ಮೆ, ಸೆರಗಿಲ್ಲದ ನನ್ನ ತಲೆಯನ್ನೊಮ್ಮೆ ನೋಡಿದಳು.

"ಅವ್ವಾ, ಆ ಬಿಳಿ ಮೀಸಿ ಮುತ್ಯಾ ದಿನಾ ನಿನ್ನೇ ನೋಡಾಕತ್ತಾನ. ನೀ ಯಾಕ ಸೆರಗು ಹೊದಿಯಂಗಿಲ್ಲ?"