ಬಿದಿರು ಬುಟ್ಟಿಯ ಹಸಿರು ಪತಂಗ

"ಹುಡುಗನಿಗೆ ಸಿಗರೇಟಿಲ್ಲ, ಇಸ್ಪೀಟಿಲ್ಲ. ಚಿಟ್ಟೆಗೆ ಗುಂಡುಸೂಜಿ ಚುಚ್ತಾನಂತೆ, ಅಷ್ಟೇ! ಅದಕ್ಕೆಲ್ಲ ಮುಖ ಊದಿಸ್ಕೋಬೇಡ ಅಂಬುಜಾ."

ಕೇಸರಿಬಾತಿನ ತಟ್ಟೆ ಜೋಡಿಸುತ್ತಾ ಚಿಕ್ಕಮ್ಮ ಸತ್ಯವತಿ ಪಿಸುಗುಟ್ಟಿದಳು. ಅಂಬುಜಾಳ ಕೈ ತಟ್ಟೆಯ ಮೇಲೇ ನಿಂತಿತು.

"ಚುಚ್ತಾನಾ? ಇದನ್ನ ಯಾರೂ ನಂಗೆ ಹೇಳ್ಲೇ ಇಲ್ವಲ್ಲ!"

"ಕಾಲೇಜಲ್ಲಿ ಪ್ರಾಣಿಶಾಸ್ತ್ರ ಕಣೇ. ಅವನ ಉದ್ಯೋಗವೇ ಅದು. ನೀನು ಹುಳ ಸಾಕ್ತೀಯ, ಅವನು ಹುಳ ಜೋಡಿಸ್ತಾನೆ. ಇದಕ್ಕಿಂತ ಒಳ್ಳೆ ಜೋಡಿ ಬೇಕಾ?"

ವಿಜಯನಗರ ಆಗಿನ್ನೂ ಅರ್ಧ ಮನೆ, ಅರ್ಧ ಬಯಲು. ಆ ಬಯಲಿನ ಲಂಟಾನ ಪೊದೆಗಳಲ್ಲಿ ಚಿಟ್ಟೆ ಹುಡುಕುತ್ತಾ ಬೆಳೆದವಳು ಅಂಬುಜಾ. ಈಗ ಅತ್ತಿಗುಪ್ಪೆಯ ಶಾಲೆಯಲ್ಲಿ ಟೀಚರ್. ಆದರೂ ಬೀದಿಯ ಬಾಯಲ್ಲಿ ಅವಳು ಹುಳದ ಅಂಬುಜಾನೇ! ಹಿಂದೊಮ್ಮೆ ನೋಡಲು ಬಂದವರು, ಕರಿಬೇವಿನ ಗಿಡದ ಹುಳವನ್ನು ಅವಳು ಅಂಗೈಯಲ್ಲಿಟ್ಟು ತೋರಿಸಿದ್ದಕ್ಕೆ ತಿಂಡಿ ಬಿಟ್ಟು ಎದ್ದು ಹೋಗಿದ್ದರು.

ಈ ಸಲವೂ ತಪ್ಪಿದರೆ ಅಪ್ಪ ಕುಸಿದುಹೋಗುತ್ತಾರೆ... ಅದು ಅವಳಿಗೆ ಗೊತ್ತು.

ಉಪಚಾರ ಮುಗಿದ ಮೇಲೆ ಅಪ್ಪನೇ ಹೇಳಿದರು, "ಹಿತ್ತಲು ತೋರಿಸಮ್ಮ ಅವರಿಗೆ."

ಹೆಣ್ಣು ನೋಡಲು ಬಂದು ಹಿತ್ತಲಿಗೆ ಕಾಲಿಟ್ಟ ಪದ್ಮನಾಭ ಅವಳನ್ನು ನೋಡಲೇ ಇಲ್ಲ! ಅವನ ಕಣ್ಣು ನೇತುಹಾಕಿದ್ದ ಬಿದಿರು ಬುಟ್ಟಿಯಲ್ಲಿ ನೆಟ್ಟುಹೋಯಿತು. ಒಳಗೆ ಅಂಗೈಯಗಲದ ಪತಂಗ. ತಿಳಿಹಸಿರು ರೆಕ್ಕೆ, ರಿಬ್ಬನ್ನಿನಂಥ ಉದ್ದ ಬಾಲ.

"ಅಯ್ಯೋ... ಇದೆಲ್ಲಿ ಸಿಕ್ತು ನಿಮಗೆ?"

"ಕೆಂಗೇರಿ ಸ್ಟೇಷನ್ ಹಿಂದೆ ಗೂಡು ಬಿದ್ದಿತ್ತು. ನಿನ್ನೆ ಬೆಳಿಗ್ಗೆ ಹೊರಗೆ ಬಂತು." ಅವಳು ಬುಟ್ಟಿಗೆ ಅಡ್ಡ ನಿಂತಳು. "ಯಾಕೆ, ಕಾಲೇಜಿಗೆ ಬೇಕಾ?"

"ಸುಳ್ಳು ಹೇಳಲ್ಲ, ಬೇಕು. ನಮ್ಮ ಬೀರುವಲ್ಲಿ ಈ ಜಾತೀದು ಒಂದೂ ಇಲ್ಲ. ಮುಂದಿನ ವಾರ ತಪಾಸಣೆ ಬೇರೆ. ನಮ್ಮ ಪ್ರೊಫೆಸರು ದಿನಾ ಬೈತಾರೆ." ಆಮೇಲೆ ಬುಟ್ಟಿಯೊಳಗಿನ ಬಟ್ಟಲು ನೋಡಿ ಹುಬ್ಬೇರಿಸಿದ. "ಇದೇನು?"

"ಬೆಲ್ಲದ ನೀರು. ಮುಟ್ತಾನೇ ಇಲ್ಲ."

"ಮುಟ್ಟಲ್ಲ ಕಣ್ರೀ. ಇದಕ್ಕೆ ತಿನ್ನೋಕೆ ಬಾಯೇ ಇಲ್ಲ."

"ಏನು?!"

"ಹುಳವಾಗಿದ್ದಾಗ ತಿಂದದ್ದರಲ್ಲೇ ಬದುಕಬೇಕು. ಹೆಚ್ಚಂದ್ರೆ ಒಂದು ವಾರ. ಅಷ್ಟರಲ್ಲಿ ಗಂಡು ಬರಬೇಕು. ಇದು ಹೆಣ್ಣು, ಇಲ್ಲೇ ಕೂತು ಗಂಧ ಬಿಡುತ್ತೆ, ಅದು ಮೈಲಿಗಟ್ಟಲೆ ದೂರದಿಂದ ಹುಡುಕ್ಕೊಂಡು ಬರುತ್ತೆ."

"ಬರದಿದ್ರೆ?"

ಪದ್ಮನಾಭ ಮೊದಲ ಬಾರಿಗೆ ಅವಳ ಮುಖ ನೋಡಿದ.

ಹೊರಡುವಾಗ, ಜೊತೆಗೆ ಬಂದಿದ್ದ ಅವನ ಅಕ್ಕ ಬಾಗಿಲಲ್ಲಿ ನಿಂತು ಹೇಳಿದಳು, "ನಾಳೆ ಸಾಯಂಕಾಲದೊಳಗೆ ಒಂದು ಮಾತು ತಿಳಿಸಿಬಿಡಿ. ರಾಜಾಜಿನಗರದವರೂ ಕೇಳ್ತಿದಾರೆ."

ಒಳ್ಳೆಯವನೇ... ಮಾತಾಡಿದರೆ ಕೇಳುತ್ತಲೇ ಇರಬೇಕು ಅನ್ನಿಸುತ್ತೆ. ಆದರೆ ಆ ಕೈ? ಸೂಜಿ ಚುಚ್ಚುವ ಕೈ?

ಮರುದಿನ ಬೆಳಗಿನ ಜಾವ ಬುಟ್ಟಿ ನೋಡಲು ಹಿತ್ತಲ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತಳು. ಕಾಂಪೌಂಡಿನ ಹತ್ತಿರ ಸೈಕಲ್ಲು. ಪಕ್ಕದಲ್ಲಿ ಪದ್ಮನಾಭ! ಕೈಯಲ್ಲಿ ಗಾಜಿನ ಸೀಸೆ. ಒಳಗೆ, ರೆಕ್ಕೆ ಮುದುಡಿ ಬಿದ್ದ ಗಂಡು ಪತಂಗ.

"ಅಂಬುಜಾ ಅವರೇ, ಒಂದು ನಿಮಿಷ..."

"ನಮ್ಮ ಬಾಗಿಲಿಗೆ ಬಂದದ್ದನ್ನೇ ಹಿಡಿದ್ರಾ?" ಅವಳು ಸೀಸೆಯತ್ತ ಬೆರಳು ತೋರಿಸಿದಳು. "ಅದು ಯಾಕೆ ಬಂತು ಅಂತ ನೀವೇ ಹೇಳಿದ್ರಲ್ರೀ! ಗೊತ್ತಿದ್ದೂ ಕಾದು ಕೂತ್ರಾ?"

"ಹಿಡಿದದ್ದು ನಿಜ. ಆದ್ರೆ..."

"ಸೀಸೆ ಅಲ್ಲಿಟ್ಟು ಹೋಗ್ರಿ! ನನ್ನ ಉತ್ತರ ಅಪ್ಪ ಬಂದು ಹೇಳ್ತಾರೆ."

ಅವನು ಸೀಸೆಯನ್ನು ಕಲ್ಲಿನ ಮೇಲಿಟ್ಟ. ಸೈಕಲ್ಲು ತಳ್ಳಿಕೊಂಡು ಹೊರಟೇಹೋದ.

ಅಪ್ಪ ಹೆಚ್ಚು ಕೇಳಲಿಲ್ಲ. "ಬೇಡ ಅಂತಲೇ ಹೇಳಲೇನಮ್ಮ?" ಅಂದರು.

"ಹೂಂ."

"ಸರಿ. ಬಸವೇಶ್ವರನಗರದಲ್ಲಿ ಅವರ ಮನೆಗೆ ಹೋಗಿ ಹೇಳಿ, ಹಾಗೇ ಆಫೀಸಿಗೆ ಹೋಗ್ತೀನಿ." ಕೋಟು ಹಾಕಿಕೊಂಡ ಅವರ ಭುಜ ಎಂದಿಗಿಂತ ಬಗ್ಗಿತ್ತು.

ಅಂಬುಜಾ ಕಣ್ಣೊರೆಸಿಕೊಂಡು ಹಿತ್ತಲಿಗೆ ಬಂದಳು, ಸತ್ತದ್ದನ್ನು ಮಣ್ಣು ಮಾಡಲೆಂದು. ಸೀಸೆ ಎತ್ತಿದರೆ... ಮುಚ್ಚಳವೇ ಇಲ್ಲ! ಮುಚ್ಚಳ ಅಷ್ಟು ದೂರ, ಕಾಂಪೌಂಡಿನ ಬುಡದಲ್ಲಿ ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಹತ್ತಿಯುಂಡೆ. ಮೂಸಿದಳು. ಆಸ್ಪತ್ರೆಯ ವಾಸನೆ. ಹುಳ ಕೊಲ್ಲಲು ಸೀಸೆಗೆ ಹಾಕುವ ಈಥರ್.

ಅಂದರೆ... ತಾನು ಬಾಗಿಲು ತೆರೆಯುವ ಮೊದಲೇ ಅವನು ಮುಚ್ಚಳ ತೆಗೆದಿದ್ದ! ಹತ್ತಿ ಕಿತ್ತು ಎಸೆದಿದ್ದ!

ಪತಂಗವನ್ನು ಸೀಸೆಯಿಂದ ಅಂಗೈಗೆ ಇಳಿಸಿಕೊಂಡಳು. ಅದರ ಒಂದು ಕಾಲು ಅಲುಗಿತು.

"ಚಿಕ್ಕಮ್ಮಾ! ಇದನ್ನ ಬುಟ್ಟೀಲಿ ನೆರಳಿಗಿಡಿ!"

"ನಾನಾ? ಹುಳ ಮುಟ್ಟೋದಾ? ಶಿವನೇ!"

ಕೇಳಲು ಅಂಬುಜಾ ಇದ್ದರೆ ತಾನೇ? ಪತಂಗವನ್ನು ಚಿಕ್ಕಮ್ಮನ ಅಂಗೈಗಿಟ್ಟು, ಚಪ್ಪಲಿ ಕೂಡ ಹಾಕದೆ ಬೀದಿಗೆ ಓಡಿದ್ದಳು. ತಿರುವಿನಲ್ಲಿ ಬಸ್ಸು ಹೊಗೆಯುಗುಳುತ್ತಾ ನಿಂತಿತ್ತು. ಅಪ್ಪನ ಒಂದು ಕಾಲು ಮೆಟ್ಟಿಲ ಮೇಲೆ. ಕಂಡಕ್ಟರ್ ಸೀಟಿ ಊದಿಯೇಬಿಟ್ಟ!

"ಅಪ್ಪಾ... ಹೇಳ್ಬೇಡೀ!"

ಬಸ್ಸು ಅಪ್ಪನನ್ನು ಹೊತ್ತು ಹೊರಟಿತು. ಅವರು ಕಂಬಿ ಹಿಡಿದು ಹಿಂತಿರುಗಿ ನೋಡಿದರು. ಮಾತು ಕೇಳಿಸಿತೋ ಇಲ್ಲವೋ... ಧೂಳಿನಲ್ಲಿ ನಿಂತ ಅವಳಿಗೆ ಗೊತ್ತಾಗಲಿಲ್ಲ.

ಅವತ್ತು ಶಾಲೆಯಲ್ಲಿ ಅವಳು ಏನು ಪಾಠ ಮಾಡಿದಳೋ ದೇವರೇ ಬಲ್ಲ!

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದರು. ಹಿಂದೆ ಪದ್ಮನಾಭ, ತಲೆ ತಗ್ಗಿಸಿಕೊಂಡು.

"ಬಸ್ಸಿನ ಸದ್ದಲ್ಲಿ ನೀನು ಏನಂದ್ಯೋ ಕೇಳಿಸ್ಲಿಲ್ಲಮ್ಮ," ಅಂದರು ಅಪ್ಪ. "ಬರಿಗಾಲಲ್ಲಿ ಓಡಿ ಬಂದಿದ್ದು ಮಾತ್ರ ಕಂಡಿತು. ಅದಕ್ಕೇ ಏನೂ ಹೇಳ್ದೆ, ಇವರನ್ನೇ ಕರ್ಕೊಂಡು ಬಂದೆ."

ಹಿತ್ತಲಿನಲ್ಲಿ ಇಬ್ಬರೇ.

"ಬೀರುವಿಗೆ ಅಂತಲೇ ಹಿಡಿದದ್ದು," ಅಂದ ಅವನು. "ಸೀಸೆಯೊಳಗೆ ಹಾಕಿದ ಮೇಲೆ ನೀವು ಕೇಳಿದ್ದು ನೆನಪಾಯ್ತು, ಬರದಿದ್ರೆ ಅಂತ. ಕೊಲ್ಲೋಕೆ ಕೈ ಬರ್ಲಿಲ್ಲ. ತಡವಾಯ್ತು ಅಂದ್ಕೊಂಡೆ... ಸತ್ತೋಯ್ತಾ?"

ಅವಳು ಬುಟ್ಟಿಯನ್ನು ಬೆಳಕಿಗೆ ತಿರುಗಿಸಿದಳು. ಹೆಣ್ಣಿನ ಪಕ್ಕದಲ್ಲಿ ಗಂಡು, ರೆಕ್ಕೆಗೆ ರೆಕ್ಕೆ ತಾಗಿಸಿ ಕೂತಿತ್ತು.

ಪದ್ಮನಾಭನ ಕಣ್ಣು ತುಂಬಿತು.

"ತಪಾಸಣೆಗೆ ಏನ್ಮಾಡ್ತೀರಿ?"

"ಬೈಸ್ಕೋತೀನಿ."

"ಬೆಳಿಗ್ಗೆ ನಿಮ್ಮ ಮಾತು ಕೇಳ್ಬೇಕಿತ್ತು ನಾನು..."

"ನಾನೂ ಕಾದು ಹೇಳ್ಬೇಕಿತ್ತು. ಅಂಬುಜಾ... ಇನ್ನು ಮೊಟ್ಟೆ ಇಟ್ರೆ ನೂರಾರು ಹುಳ. ಎಲೆ ತಂದು ತಂದು ಸಾಕಾಗುತ್ತೆ. ಒಬ್ಬರ ಕೈಲಿ ಆಗಲ್ಲ."

"ಗೊತ್ತು." ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅದಕ್ಕೇ... ನಿಮ್ಮನ್ನ ಕೇಳ್ತಿದೀನಿ."

"ಹುಳಕ್ಕೆ ಮಾತ್ರನಾ?"

"ಹುಳಕ್ಕೂ!"

ಒಳಗಿನಿಂದ ಬಳೆಯ ಸದ್ದಾಯಿತು. ಬಾಗಿಲ ಸಂದಿಯಲ್ಲಿ ಚಿಕ್ಕಮ್ಮನ ಕೈ ಮೆಲ್ಲಗೆ ಚಾಚಿ, ಹಿತ್ತಲಿನ ದೀಪ ಆರಿಸಿತು.