ಗೇಟಿನ ಬಳಿ ಅಳುತ್ತಿದ್ದವಳು

ಇದು ನಮ್ಮ ಮನೆಯಲ್ಲೇ ನಡೆದದ್ದು. ಉರಿಬಿಸಿಲಿನ ಮಧ್ಯಾಹ್ನ ಗುರುತಿಲ್ಲದ ಹೆಂಗಸೊಬ್ಬಳು ನಮ್ಮ ಗೇಟಿಗೆ ಒರಗಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಪಾಪವೆನಿಸಿ ಕೈಹಿಡಿದು ಒಳಗೆ ಕರೆತಂದೆ. ಆ ಕೈ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅವಳ ತಲೆಗೂದಲಿನಿಂದ ನಾನು ಹಚ್ಚುವ ಎಣ್ಣೆಯದೇ ವಾಸನೆ ಬರುತ್ತಿತ್ತು.

“ಕೂತ್ಕೊಳ್ಳಿ, ನೀರು ತರ್ತೀನಿ” ಎಂದು ಒಳಗೆ ಹೋದೆ. ಬಂದು ನೋಡಿದರೆ, ಯಾರ ಹತ್ತಿರವೂ ಸುಳಿಯದ ನನ್ನ ಪುಟ್ಟ ಮಗಳು ಆ ಹೆಂಗಸಿನ ತೊಡೆಯೇರಿ ಅವಳನ್ನು ಅವುಚಿಕೊಂಡು ಕುಳಿತಿದ್ದಳು. ನನ್ನನ್ನೂ ಎಂದೂ ಹಾಗೆ ಅವುಚಿಕೊಂಡವಳಲ್ಲ.

“ಅಳು ನಿಂತಿತಲ್ಲ, ಇನ್ನು ಹೊರಡಿ” ಎಂದು ಮಗುವನ್ನು ಕಿತ್ತುಕೊಂಡೆ.

“ಇಷ್ಟು ದಿನ ನೋಡ್ಕೊಂಡ್ರಲ್ಲ, ದೊಡ್ಡ ಉಪಕಾರ ಆಯ್ತು” ಎಂದು ಕಣ್ಣೊರೆಸಿಕೊಂಡು ಹೊರಟುಹೋದಳು.

ಅಂದಿನಿಂದ ಮಗಳು ನನ್ನನ್ನು ಆಂಟಿ ಎನ್ನುತ್ತಾಳೆ. ಮೊದಮೊದಲು ನನ್ನ ಗಂಡ ನಗುತ್ತಿದ್ದರು. ಮೊನ್ನೆ ಟೀ ಕೊಟ್ಟಾಗ ಅವರೂ ಸಂಕೋಚದಿಂದ ತಲೆಯೆತ್ತಿ, “ನೀವು ಕುಡಿದ್ರಾ?” ಎಂದರು.