ಬರ್ತೀನಿ ಅಂದಳು

"ಎರಡು ಮೀಟರ್ ದೂರ ನಿಲ್ಲು," ಎಂದಳು ನೀರಜಾ, ತಿರುಗಿಯೂ ನೋಡದೆ.

ಐರ್ಲೆಂಡಿನ ಗಾಲ್ವೇ ಊರಿನ ಸೂಪರ್‌ಮಾರ್ಕೆಟ್ಟಿನ ಕ್ಯೂ ಪಾರ್ಕಿಂಗ್ ದಾಟಿ ರಸ್ತೆಗೆ ಬಂದಿತ್ತು. ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲ ಎಂಬ ಲಾಕ್‌ಡೌನಿನಲ್ಲಿ ಅವಳಿಗೂ ಹಿಂದೆ ನಿಂತಿದ್ದ ಗೆಳೆಯ ಕಾರ್ತಿಕೇಯನಿಗೂ ಎಟಕುತ್ತಿದ್ದ ಜಾಗ ಅದೊಂದೇ. ಇವತ್ತು ಅವಳು ಬಂದದ್ದು ಜಗಳಕ್ಕೆ.

ಕಾರ್ತಿಕೇಯ ಹೋಟೆಲೊಂದರ ಕೋಲ್ಡ್ ಸ್ಟೋರೇಜ್ ಟೆಕ್ನಿಷಿಯನ್. ಹೋಟೆಲು ಮುಚ್ಚಿತ್ತು. ಅವಳಿಗೆ ಹೇಳದೆಯೇ ಕೆನಡಾದ ಪೂರ್ವ ತುದಿಯ ಹಳ್ಳಿಯೊಂದರ ಮೀನು ಫ್ಯಾಕ್ಟರಿಯಲ್ಲಿ ಕೆಲಸ ಹಿಡಿದು, ಆ ಹಳ್ಳಿಯ ಪರಿಚಯವಿದ್ದ ವೆಬ್‌ಪೇಜನ್ನು ಅವಳಿಗೆ ಕಳಿಸಿದ್ದ. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

"ಓದಿದ್ಯಾ?"

"ಓದ್ದೆ." ಅವಳು ಅವನತ್ತ ತಿರುಗಿದಳು. "ಇನ್ನೂರ ಹನ್ನೆರಡು ಜನ. ಒಂದು ಚರ್ಚು, ಒಂದು ಅಂಗಡಿ. ನರ್ಸ್ ಮಂಗಳವಾರ ಮಾತ್ರ ಬರ್ತಾರಂತೆ. ಬುಧವಾರ ಜ್ವರ ಬಂದ್ರೆ?"

"ಮಂಗಳವಾರದ ತನಕ ಮಲಗಿರೋದು."

ನಗು ಬಂತು. ಮಾಸ್ಕ್ ಕಾಪಾಡಿತು ಅಂದುಕೊಂಡಳು. ಆದರೆ ಅವನು ನೋಡುತ್ತಿದ್ದದ್ದು ಅವಳ ಕಣ್ಣಂಚನ್ನು. ಅಲ್ಲಿ ಸಣ್ಣ ಸುಕ್ಕು ಮೂಡಿ ಹೋಯಿತು. ಸಿಕ್ಕಿಬಿದ್ದದ್ದಕ್ಕೆ ಅವಳಿಗೆ ಮತ್ತಷ್ಟು ಸಿಟ್ಟು.

"ನನ್ನ ಒಂದು ಮಾತು ಕೇಳಿದ್ರೆ ಬಾಯಿ ಸವೀತಿತ್ತಾ?"

"ನೀನು ಬೇಡ ಅಂತಿದ್ದೆ."

"ಅಂತಾನೇ ಇದ್ದೆ. ಇಲ್ಲೇ ಪಾರ್ಕ್‌ಮೋರ್‌ನ ಕಂಪನೀಲಿ ನಂಗೆ ಪರ್ಮನೆಂಟ್ ಕೆಲಸ ಇದೆ. ಅದನ್ನ ಬಿಟ್ಟು ಅಲ್ಲಿ ಮೀನು ಎಣಿಸ್ಲಾ?"

"ನೀನು ಬೇಡ ಅಂದಿದ್ರೆ ನಾನು ಅರ್ಜೀನೇ ಹಾಕ್ತಿರ್ಲಿಲ್ಲ, ನೀರೂ. ನನ್ನ ವರ್ಕ್ ಪರ್ಮಿಟ್ ಮುಗಿದ ಮೇಲೆ ಇಲ್ಲಿಂದ ಓಡಿಸ್ತಿದ್ರು, ಅಷ್ಟೇ." ಅವನ ದನಿ ತಗ್ಗಿತು. "ಆ ಪೇಜ್‌ನ ಕೊನೇಲಿ ಬಾಡಿಗೆಗಿರೋ ಹಳದಿ ಮನೆ ಇದೆ ನೋಡು. ಸಮುದ್ರದ ಕಡೆ ಕಿಟಕಿ. ಅಲ್ಲಿ ನಿನ್ನ ಕುರ್ಚಿ ಹಿಡಿಯುತ್ತಾ ಅಂತ ದಿನಾ ನೋಡ್ತಿದ್ದೆ."

ಅವಳು ಕ್ಯೂನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

"ಸರಿ ಬಿಡು. ಹೋಗ್ತೀನಿ."

ಹೋಗ್ತೀನಿ. ಎಂಥ ಜಗಳದ ಕೊನೆಯಲ್ಲೂ ಅವನು ಹಾಗೆ ಅಂದವನಲ್ಲ. ಮುನಿಸಿಕೊಂಡು ಫೋನಿಟ್ಟಾಗಲೂ 'ಬರ್ತೀನಿ' ಅಂದೇ ಇಡುತ್ತಿದ್ದ. ಅವನು ಕ್ಯೂ ಬಿಟ್ಟು ಖಾಲಿ ಟ್ರಾಲಿ ತಳ್ಳಿಕೊಂಡು ನಡೆದ.

"ಕಾರ್ತಿ, ಬರ್ತೀನಿ."

"ಹ್ಞೂಂ. ಹುಷಾರಾಗಿ ಹೋಗು," ಎಂದ, ತಿರುಗದೆ.

"ಬರ್ತೀನಿ ಅಂದೆ."

"ಕೇಳಿಸ್ತು."

"ಏನು ಕೇಳಿಸ್ತು ನಿನ್ನ ತಲೆ. ಬುಧವಾರ ಜ್ವರ ಬರಬಾರದ ಊರಿಗೆ ಬರ್ತೀನಿ ಅಂದೆ, ಕತ್ತೆ."

ಟ್ರಾಲಿ ನಿಂತಿತು. ಅವನು ಅದನ್ನಲ್ಲೇ ಬಿಟ್ಟು ಓಡಿಬಂದ. ನೀರಜಾ ಅಂಗೈ ಅಡ್ಡ ಹಿಡಿದಳು. ಕಣ್ಣಂಚಿನ ಸುಕ್ಕನ್ನು ಮಾತ್ರ ಈ ಸಲ ಅಡಗಿಸಲಿಲ್ಲ.

"ಎರಡು ಮೀಟರ್," ಎಂದಳು.